ಎರಡು ಮಳೆ ನವಣೆ

ಬರಿದಾದ ವಾಡೆ ಸದ್ದು ಮಾಡಬಾರದು. ಆದರೆ ಕೊಟ್ರಬಸಮ್ಮನ ಅಡುಗೆಮನೆಯ ಮೂಲೆಯಲ್ಲಿದ್ದ, ಕಾಳು ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ ದಿನಾ ಮಧ್ಯಾಹ್ನ ಸದ್ದು ಮಾಡುತ್ತಿತ್ತು. ಗಂಡ ಬೆನಕಪ್ಪ ಉಂಡು ಪಡಸಾಲೆಯಲ್ಲಿ ಟವೆಲ್ಲು ಮುಖಕ್ಕೆಳೆದುಕೊಂಡು ಮಲಗಿರುತ್ತಿದ್ದ. ಬೀದಿನಾಯಿಗಳೂ ಜಗಲಿಯ ನೆರಳು ಹಿಡಿದಿರುತ್ತಿದ್ದವು. ಆಗ ವಾಡೆಯ ಹೊಟ್ಟೆಯೊಳಗೆ ಯಾರೋ ಕೈಯಾಡಿಸಿದಂತೆ ಗಳಗಳ ಅನ್ನುತ್ತಿತ್ತು. ಮೊದಲ ಸಲ ಇಲಿ ಅಂದುಕೊಂಡಳು. ಎರಡನೇ ಸಲ ಸ್ಟೂಲು ಹತ್ತಿ ಇಣುಕಿದಳು. ಒಳಗೆ ಕತ್ತಲೆ, ಬೇವಿನೆಲೆಯ ಹಳೇ ವಾಸನೆ. ಮತ್ತೇನೂ ಇರಲಿಲ್ಲ.

ಅವಳನ್ನು ಕಾಡಿದ್ದು ಸದ್ದಲ್ಲ, ಸದ್ದಿನ ಜಾತಿ. ಆ ವಾಡೆಯಲ್ಲಿ ಅವಳ ಅತ್ತೆ ನಾಗಲಿಂಗಮ್ಮ ನಲವತ್ತು ವರ್ಷ ನವಣೆ ಬೀಜ ಕಾದಿಟ್ಟಿದ್ದಳು. ನವಣೆ ಸರ್ರನೆ ಜಾರುತ್ತದೆ, ಇಳಕಲ್ ಸೀರೆ ಮಡಿಚಿದ ಹಾಗೆ. ಇದು ಹಾಗಿರಲಿಲ್ಲ. ಇದು ಗಡುಸು. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ.

ಎರಡು ಮಳೆ ನವಣೆ ಅಂತಲೇ ಆ ಬೀಜಕ್ಕೆ ಹೆಸರು. ಬಿತ್ತುವಾಗೊಂದು, ತೆನೆ ಹೊಡೆ ಕಟ್ಟುವಾಗೊಂದು, ಎರಡು ಮಳೆಯಾದರೆ ಸಾಕು. ನಡುವೆ ನಲವತ್ತು ದಿನ ಮುಗಿಲು ಬಾಯಿ ಹೊಲಿದುಕೊಂಡರೂ ಪೈರು ಎಲೆ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು, ಸಾಯುತ್ತಿರಲಿಲ್ಲ. ಅದನ್ನು ಮಾರುವ ಹಾಗಿರಲಿಲ್ಲ, ಕಡ ಕೊಡಬೇಕು. ಸೇರು ಒಯ್ದ ಹೆಂಗಸು ಸುಗ್ಗಿಯಲ್ಲಿ ಒಂದೂವರೆ ಸೇರು ಹೊತ್ತು ತಂದು, ತಾನೇ ಒಳಗೆ ಬಂದು, ತನ್ನ ಕೈಯಿಂದಲೇ ವಾಡೆಗೆ ಸುರಿಯಬೇಕು. ಊರಿನ ನಲವತ್ತು ಮನೆಯವರೂ ಹಾಗೆ ಸುರಿದವರೇ. ಕೇರಿಯವರ ಮಾತು ಬೇರೆ. ಅವರಿಗೆ ಕೂಲಿಯ ಕಾಳನ್ನು ಅಂಗಳದಲ್ಲೇ ಅಳೆದು, ಸೆರಗಿಗೆ ಮೇಲಿನಿಂದ ಸುರಿದು ಕಳಿಸುತ್ತಿದ್ದರು. ಅವರ ಮನೆಯ ಕಾಳು ತಿರುಗಿ ಈ ವಾಡೆಗೆ ಬರುವ ಮಾತೇ ಇರಲಿಲ್ಲ.

ಆಮೇಲೆ ಮೆಕ್ಕೆಜೋಳದ ಪಾಕೀಟು ಬಂತು. ಕೊಟ್ಟೂರಿನಿಂದ ಹರಪನಹಳ್ಳಿ ತನಕ ಹೊಲವೆಲ್ಲ ಮೆಕ್ಕೆಜೋಳವಾಯಿತು. ನವಣೆ ಬೇಕಾದರೆ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ ಎಂದು ನಲವತ್ತು ಮನೆಯೂ ಅಂದುಕೊಂಡವು. ಉಳಿದದ್ದನ್ನು ಉಂಡವು.

ತೊಂಬತ್ತೊಂಬತ್ತರಲ್ಲಿ ನಾಗಲಿಂಗಮ್ಮ ತೀರಿಕೊಂಡಳು. ಬೀಜ ಕಾದವಳು ಬರಿ ಉಡಿಯಲ್ಲಿ ಹೋಗಬಾರದು. ಸೋರೆ ಬುರುಡೆಗೆ ಒಂದು ಹಿಡಿ ಬೀಜ ಹಾಕಿ, ಅವಳ ಉಡಿಯಲ್ಲಿಟ್ಟು ಮಣ್ಣು ಮಾಡಬೇಕು. ಒಂದೇ ಹಿಡಿ. ಆದರೆ ನಾಲ್ಕು ಊರಿನ ಬೀಗರು ನಿಂತು ನೋಡುತ್ತಿದ್ದರು. ಸೊಸೆಯ ಕೈ ಬಿಗಿ ಅನ್ನಿಸಿಕೊಳ್ಳಬಾರದೆಂದು ಕೊಟ್ರಬಸಮ್ಮ ವಾಡೆಯ ತಳ ಬಳಿದು ಬುರುಡೆಯನ್ನು ಕಂಠಮಟ್ಟ ತುಂಬಿದಳು. ಇದ್ದದ್ದೇ ಅಷ್ಟು, ಎರಡು ಸೇರು. ಅಳುತ್ತಿದ್ದ ಆ ಹೊತ್ತಿನಲ್ಲೂ ಅವಳ ತಲೆಯ ಒಂದು ಮೂಲೆ ಎಣಿಸುತ್ತಿತ್ತು: ವಾಡೆ ಬರಿದಾದರೆ ಒಡೆದು ಹಾಕಿ ಅಲ್ಲಿ ಗೊಬ್ಬರದ ಚೀಲ ಒಟ್ಟಬಹುದು. ಒಡೆಯಲು ಕೈ ಬರಲಿಲ್ಲ, ಅಷ್ಟೇ.

ಅದಾದ ಎರಡನೇ ವರ್ಷಕ್ಕೆ ಮಳೆ ಕೈಕೊಟ್ಟಿತು. ಮೂರನೇ ವರ್ಷವೂ ಅದೇ ಹಾಡು. ಎರಡು ಸಾವಿರದ ಮೂರರಲ್ಲಿ ಮಿರಗದ ಮಳೆಗೆ ಬಿತ್ತಿದ ಮೆಕ್ಕೆಜೋಳ ಗೇಣುದ್ದ ಎದ್ದು ಸುಟ್ಟ ಕಾಗದದಂತಾದಾಗ, ಊರಿನವರು ಎರಡು ಟ್ರ್ಯಾಕ್ಟರು ತುಂಬಿಕೊಂಡು ಬೀಜದ ಕಚೇರಿಗೆ ಮುತ್ತಿಗೆ ಹಾಕಲು ಹೊರಟರು. ಮುಂದಾಳು ಮಂಜಣ್ಣ. ಹೆಂಗಸರು ನಾಲ್ಕು ಜನ, ಅವರಲ್ಲಿ ಕೊಟ್ರಬಸಮ್ಮನೂ ಒಬ್ಬಳು. ಕೇರಿಯವರನ್ನು ಯಾರೂ ಕರೆಯಲಿಲ್ಲ. ಅದು ರೈತರ ಹೋರಾಟ, ಹೊಲ ಇಲ್ಲದವರಿಗೆ ಬೀಜ ಯಾಕೆ ಎಂಬುದು ಎಲ್ಲರಿಗೂ ಕೇಳದೆಯೇ ಗೊತ್ತಿದ್ದ ಉತ್ತರವಾಗಿತ್ತು.

"ಬರ ತಾಳೋ ಬೀಜ ಕೊಡ್ರಿ, ಇಲ್ಲಾ ಕಚೇರಿಗೆ ಬೀಗ ಹಾಕ್ರಿ!"

ಕಚೇರಿಯ ಅಧಿಕಾರಿ ಪ್ರವೀಣಕುಮಾರ್ ಇನ್ನೂ ಮೀಸೆ ಬಲಿಯದ ಹುಡುಗ. ಬೆವರೊರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಬಂದು ನಿಂತ. ಮಂಜಣ್ಣ ಹರಿದ ಪಾಕೀಟು ಅವನ ಮುಖಕ್ಕೆ ಹಿಡಿದ.

"ಸಾಹೇಬ್ರ, ಈ ಫೋಟೋದಾಗ ತೆನಿ ಮೊಳದುದ್ದ ಐತಿ. ನಮ್ಮ ಹೊಲದಾಗ ಬೆರಳುದ್ದನೂ ಇಲ್ಲ. ಬರೋ ವರ್ಷ ಫೋಟೋನ ಬಿತ್ತೋಣೇನ್ರಿ?"

"ಮಳಿ ಬಂದಿದ್ರ ಬೆಳೀತಿತ್ತು ರೀ..."

"ಮಳಿ ಬಂದ್ರ ಒನಕಿನೂ ಚಿಗುರ್ತೈತಿ! ಮಳಿ ಬರಲಾರದಾಗ ಬದುಕೋ ಬೀಜ ಕೇಳಾಕ ಬಂದೀವಿ ನಾವು."

ನಗು ಎದ್ದಿತು. ಹುಡುಗನೂ ನಕ್ಕುಬಿಟ್ಟ, ಕೂಡಲೇ ಬಾಯಿ ಬಿಗಿದುಕೊಂಡ.

"ಅಂಥಾ ಬೀಜ ನಮ್ಮ ಪಟ್ಟಿಯೊಳಗೇ ಇಲ್ಲ. ಸುಳ್ಳು ಹೇಳಂಗಿಲ್ಲ ನಾನು. ನಿಮ್ಮ ಊರಾಗ ಇತ್ತಂತಲ್ಲ, ಎರಡು ಮಳಿ ನವಣಿ? ಒಂದು ಹಿಡಿ ತಂದುಕೊಡ್ರಿ. ಸಂಶೋಧನಾ ಕೇಂದ್ರಕ್ಕ ಕಳಸ್ತೀನಿ. ಅವರು ಬೆಳಸಿ ಕೊಡ್ತಾರ. ಒಂದ ಹಿಡಿ."

ಅವನು ಬರಿಗೈ ಮುಂದೆ ಚಾಚಿದ.

ಘೋಷಣೆ ಅಲ್ಲಿಗೇ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಮ್ಮ ಮನೆಯಲ್ಲಿಲ್ಲವೇ? ನಿಮ್ಮ ಮನೆಯಲ್ಲಿದೆ ಅಂದುಕೊಂಡಿದ್ದೆವಲ್ಲ? ಕೊನೆಗೆ ಕಣ್ಣುಗಳೆಲ್ಲ ಸರಿದು ಸರಿದು ಕೊಟ್ರಬಸಮ್ಮನ ಮೇಲೆ ನಿಂತವು. ಅವಳು ಮಾತ್ರ ಆ ಅಂಗೈಯನ್ನೇ ನೋಡುತ್ತಿದ್ದಳು. ಅದು ಹುಡುಗನ ಕೈಯಾಗಿರಲಿಲ್ಲ. ಗೆರೆಗೆರೆಯಲ್ಲೂ ಬೂದಿ ಕೂತ, ಉಗುರು ಸವೆದ ಮುದುಕಿಯ ಕೈ, ಅತ್ತೆಯ ಕೈ.

ಮರಳುವಾಗ ಟ್ರ್ಯಾಕ್ಟರಿನಲ್ಲಿ ಪಕ್ಕದ ಮನೆಯ ಅನ್ನದಾನಮ್ಮ ಬಿಡಲಿಲ್ಲ. "ಬುರುಡಿ ತುಂಬಿ ತುಳುಕಿಸಿದ್ಯಲ್ಲವ್ವ. ಅವತ್ತು ನಾವ ನಿನ್ನ ಹೊಗಳಿದ್ವಿ."

"ನೀನೂ ವರ್ಷಾ ವರ್ಷಾ ಒಯ್ತಿದ್ಯಲ್ಲ, ನಿನ್ನದೆಲ್ಲಿ?"

"ನಿಮ್ಮ ಮನ್ಯಾಗ ಐತಿ ಅಂತ ನವಣಕ್ಕಿ ಮಾಡಿ ಉಂಡ್ವಿ."

ಸಂಜೆ ಅವಳು ಗಂಡನಿಗೆ ಹೇಳಿದಳು: "ಅತ್ತೀನ ಹುಗಿದ ಗುಣಿ ತೆಗಸಬೇಕ್ರಿ."

ಬೆನಕಪ್ಪ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. "ಲೇ, ತಲಿಗಿಲಿ ಕೆಟ್ಟೈತೇನು? ನಮ್ಮವ್ವನ ಗುಣಿ ಕೆದರ್ತೀಯಾ?"

"ಬುರುಡಿ ಬಾಯಿಗೆ ಬೂದಿ, ಸಗಣಿ ಮೆತ್ತಿದ್ದೆ. ಬೀಜಕ್ಕ ಇನ್ನೂ ಜೀವ ಇರತೈತಿ."

"ಊರ ಮುಂದ ನಾ ಹೆಂಗ ಮುಖ ತೋರಸ್ಲಿ?"

"ಹೊಲದ ಮುಂದ ಹೆಂಗ ತೋರಸ್ತೀರಿ?"

ಅವನು ಟವೆಲ್ಲು ಕೊಡವಿ ಹೊರಗೆ ಹೋದ.

ಮರುದಿನ ಮಧ್ಯಾಹ್ನ ವಾಡೆ ಮತ್ತೆ ಗಳಗಳ ಅಂದಾಗ ಅವಳು ಇಣುಕಲಿಲ್ಲ. ಸೆರಗು ತಲೆಗೆಳೆದುಕೊಂಡು ಕೇರಿಗೆ ನಡೆದಳು. ಊರಿನ ಗುಣಿಗಳನ್ನೆಲ್ಲ ತೋಡುವವನು ಪಕ್ಕೀರಪ್ಪ. ಅವಳ ಅತ್ತೆಯ ಗುಣಿಯನ್ನೂ ಅವನೇ ತೋಡಿದ್ದ. ಅವನು ಬೇವಿನ ಬುಡದಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಅವಳು ದೂರದಲ್ಲೇ ನಿಂತು, ಬಂದ ಕೆಲಸ ಹೇಳಿದಳು. ಹಗ್ಗ ಹೊಸೆಯುವ ಕೈ ನಿಂತಿತು.

"ಬ್ಯಾಡ್ರಿ ಅವ್ವಾರ. ಅದರಾಗ ಬೀಜ ಇಲ್ಲ."

"ನಾನ ತುಂಬೀನಲ್ಲೋ ಪಕ್ಕೀರಪ್ಪ."

"ಬೆಣಚುಕಲ್ಲು ಅದಾವ್ರಿ. ನಾ ತುಂಬಿದ್ದು."

ಕೊಟ್ರಬಸಮ್ಮನ ಕಿವಿಯಲ್ಲಿ ವಾಡೆ ಗಳಗಳ ಅಂದಿತು. ಎರಡು ವರ್ಷದಿಂದ ಕೇಳುತ್ತಿದ್ದ ಸದ್ದಿನ ಗುರುತು ಈಗ ಹತ್ತಿತು.

"ನಿಮಗ ನೆನಪೈತಲ್ರಿ, ಅವತ್ತು ಎಂಥಾ ಮಳಿ. ಮಣ್ಣು ಹಾಕಿದವರ ಎಲ್ಲಾರೂ ಮನಿಗೆ ಓಡಿದ್ರಿ. ಗುಣಿ ಮುಚ್ಚಾಕ ನಾನೊಬ್ಬನ ಉಳದಿದ್ದೆ." ಅವನ ದನಿ ಇಳಿಯಿತು. "ಬುರುಡಿ ತಗೊಂಡು ಹೆಗಲ ಮ್ಯಾಲಿನ ವಲ್ಲಿಗೆ ಸುರುವಿಕೊಂಡೆ. ಹಗುರ ಆದ್ರ ಆಕಿಗೆ ತಿಳಿದೀತು ಅಂತ ಗುಣ್ಯಾಗಿನ ಕಲ್ಲು ತುಂಬಿ ಉಡಿಯೊಳಗ ಇಟ್ಟೆ. ತಿಳಿದ ಬಿಟ್ಟೈತ್ರಿ. ಮಧ್ಯಾಹ್ನಕ್ಕ ಬರ್ತಾಳ. ಬಾಗಲಾಗ ನಿಂತು ಬುರುಡಿ ಅಲ್ಲಾಡಸ್ತಾಳ. ಬೈಯಂಗಿಲ್ಲ. ಬೈದ್ರ ಬೇಸಿತ್ತು."

ಗುಡಿಸಲ ಒಳಗಿನಿಂದ ಅವನ ಹೆಂಡತಿ ಮಾಳಮ್ಮ ಬಂದಳು, ಕೈಯಲ್ಲಿ ಕಾಳು ಕೇರುವ ಮರ. "ತಗೊಂಬಾ ಅಂದಾಕಿ ನಾನು. ಹೂಳಾಕ ಬೀಜ ಏನು ಹೆಣಾನ? ನನ್ನ ಮುಂದ ಮಾತ್ರ ಮುದುಕಿ ಬರವಲ್ಲಳು ನೋಡ್ರಿ. ಕಾಯಾಕ ಹತ್ತೀನಿ, ಬಂದ್ರ ಒಂದು ಮಾತು ಕೇಳಬೇಕು ಅಂತ."

"ಏನು ಕೇಳ್ತಿ?"

"ನಮ್ಮ ಕಾಳು ನಿನ್ನ ವಾಡಿಗೆ ಯಾಕ ಬರಬಾರದಿತ್ತು ಅಂತ."

ಆಮೇಲೆ ಅವಳು ಒಳಗಿನ ಗಡಿಗೆ ತಂದು ಮುಚ್ಚಳ ತೆಗೆದಳು. ಕೆಂಪು ಮಣ್ಣಿನ ಬಣ್ಣದ ಸಣ್ಣ ಕಾಳು, ಬೂದಿ ಸವರಿಕೊಂಡು ಬೆಚ್ಚಗೆ ಕೂತಿತ್ತು. ನಾಲ್ಕು ವರ್ಷದಿಂದ ರುದ್ರಭೂಮಿಯ ಹಿಂದಿನ ಇಳಿಜಾರಿನಲ್ಲಿ ಬಿತ್ತುತ್ತಿದ್ದರಂತೆ. ಹೋದ ವರ್ಷ ಹೆಣದ ಹಿಂದೆ ಹೋದಾಗ ಕೊಟ್ರಬಸಮ್ಮ ಅಲ್ಲಿ ಹಸಿರು ಕಂಡಿದ್ದಳು, ಹುಲ್ಲು ಅಂದುಕೊಂಡಿದ್ದಳು. ಊರಿನ ಹೊಲವೆಲ್ಲ ಒಣಗಿದಾಗ ಸತ್ತವರ ಬೆನ್ನಿಗೆ ಮಾತ್ರ ಹುಲ್ಲು ಯಾಕೆ ಬೆಳೆದೀತು ಎಂದು ಒಬ್ಬರಾದರೂ ಕೇಳಿರಲಿಲ್ಲ.

"ನಲವತ್ತು ಮನಿ ಹುಡುಕಿದ್ರಂತ," ಎಂದಳು ಮಾಳಮ್ಮ. "ನಲವತ್ತೊಂದು ಎಣಿಸಾಕ ಬರಂಗಿಲ್ಲೇನ್ರಿ?"

ಕಳ್ಳಿ ಅನ್ನುವ ಮಾತು ಕೊಟ್ರಬಸಮ್ಮನ ನಾಲಗೆ ತುದಿಗೆ ಬಂದಿತ್ತು. ಬೀಜ ಕೊಂದವಳು ತಾನು, ಬದುಕಿಸಿದವಳು ಇವಳು. ಮಾತು ನುಂಗಿದಳು. ಬಿಸಿ ಮುದ್ದೆ ನುಂಗಿದ ಹಾಗೆ ಎದೆಯುದ್ದಕ್ಕೂ ಸುಟ್ಟುಕೊಂಡು ಇಳಿಯಿತು. ಬೇವಿನ ನೆರಳು ದಾಟಿ ಗುಡಿಸಲ ಬಾಗಿಲ ತನಕ ಬಂದು ಉಡಿ ಒಡ್ಡಿದಳು.

"ಕಡ ಕೊಡು ಮಾಳವ್ವ."

ಮಾಳಮ್ಮ ತಕ್ಷಣ ಸುರಿಯಲಿಲ್ಲ. "ಮೂರು ಸೇರು ಅದಾವು. ಊರೆಲ್ಲಾ ಹಂಚಿಕೊಳ್ರಿ. ವಾಪಸ್ ತರೋವಾಗ ನಾಕೂವರಿ. ಅಂಗಳದಾಗ ಚೆಲ್ಲಿ ಹೋಗಂಗಿಲ್ಲ. ಒಳಗ ಬಂದು, ನಿಮ್ಮ ಕೈಲೆ, ಈ ಗಡಿಗಿಗೆ ಸುರುವಬೇಕು. ನಿಮ್ಮ ಅತ್ತಿ ಹಾಕಿದ ಪದ್ಧತೀನ. ಆಗತೈತಾ?"

"ಆಗತೈತಿ," ಅಂದಳು. ಅಂದದ್ದೇನೋ ಹೌದು.

ಅದರಲ್ಲಿ ಒಂದು ಹಿಡಿ ಕಟ್ಟಿಕೊಂಡು ಮಂಜಣ್ಣನ ಜೊತೆ ಕಚೇರಿಗೆ ಹೋದಳು. ಪ್ರವೀಣಕುಮಾರ್ ಖುಷಿಯಿಂದಲೇ ಫಾರಂ ತೆಗೆದ. ಬೀಜ ಯಾರದು ಎಂದು ಕೇಳಿದ. "ನಾಗಲಿಂಗಮ್ಮನ ಹೆಸರು ಹೇಳು," ಎಂದು ಮಂಜಣ್ಣ ಪಿಸುಗುಟ್ಟಿದ. ಅವಳು ಗಟ್ಟಿಯಾಗಿ, "ಮಾಳಮ್ಮ, ಗಂಡ ಪಕ್ಕೀರಪ್ಪ," ಅಂದಳು. ಸರ್ವೆ ನಂಬರು? ಇಲ್ಲ. ಪಹಣಿ? ಇಲ್ಲ. ಬೆಳೆದದ್ದೆಲ್ಲಿ? ರುದ್ರಭೂಮಿಯಲ್ಲಿ. ಹುಡುಗ ಆ ಜಾಗ ಖಾಲಿ ಬಿಟ್ಟು ಸಹಿ ಹಾಕಿಸಿಕೊಂಡ. ಆ ಹಿಡಿ ಬೀಜ ಮುಂದೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಮುಂದಿನ ವರ್ಷದ ಮುಂಗಾರಿಗೂ ಬೀಜ ಬರಲಿಲ್ಲ, ಉತ್ತರವೂ ಬರಲಿಲ್ಲ. ಬಂದದ್ದು ಅದೇ ಫೋಟೋದ ಪಾಕೀಟು.

ಉಳಿದದ್ದನ್ನು ಆ ವರ್ಷವೇ ಪುಷ್ಯ ಮಳೆಯ ಹಸಿಗೆ ಹನ್ನೆರಡು ಮನೆಯವರು ತುಂಡು ತುಂಡು ನೆಲದಲ್ಲಿ ಬಿತ್ತಿದರು. ಆಮೇಲೆ ಮೂವತ್ತೆಂಟು ದಿನ ಮುಗಿಲಲ್ಲಿ ಹತ್ತಿಯಷ್ಟೂ ಮೋಡ ಕಾಣಲಿಲ್ಲ. ನವಣೆ ಎಲೆ ಸುರುಳಿ ಸುತ್ತಿ ಕಾಯುತ್ತಾ ನಿಂತಿತು. ಹುಬ್ಬಿ ಮಳೆ ಒಂದು ರಾತ್ರಿ ಹೊಡೆಯಿತು. ಅಷ್ಟೇ ಸಾಕಾಯಿತು. ಚಿತ್ತಿ ಮಳೆಯ ಹೊತ್ತಿಗೆ ನರಿಬಾಲದಂಥ ತೆನೆ ತಲೆ ಬಾಗಿಸಿದವು. ವಾಡೆಗೆ ಮತ್ತೆ ಕಾಳು ಬಿತ್ತು.

ಕಡ ತೀರಿಸುವ ದಿನ ಬೆನಕಪ್ಪ ಹೇಳಿದ: "ಆಳಿನ ಕೈಲೆ ಕಳಸು. ಅಂಗಳದಾಗ ಸುರುವಿ ಬರ್ಲಿ. ನೀ ಕೇರಿ ಮನಿ ಒಳಗ ಹೋಗೋದು ಬ್ಯಾಡ. ಊರು ಸುಮ್ಮನಿರಂಗಿಲ್ಲ."

"ಅವರ ಕಾಳು ನಮ್ಮ ವಾಡಿ ಒಳಗ ಬಂದಾಗ ಊರು ಸುಮ್ಮನ ಇತ್ತಲ್ರಿ."

"ಕಾಳು ಬ್ಯಾರೆ, ಕಾಲು ಬ್ಯಾರೆ," ಅಂದವನೇ ಟವೆಲ್ಲು ಮುಖಕ್ಕೆಳೆದುಕೊಂಡ.

ಅವಳು ಹೊಸ್ತಿಲ ಬಳಿ ಕಡದ ಕಾಳಿನ ಪುಟ್ಟಿ ಹಿಡಿದು ನಿಂತಳು. ಆಳು ಹೊರಗೆ ಕಾಯುತ್ತಿದ್ದ. ಕೊಟ್ಟರೆ ಮುಗಿಯಿತು. ಆಗ ಬೆನ್ನ ಹಿಂದೆ, ಹೊಸ ನವಣೆ ತುಂಬಿದ್ದ ವಾಡೆಯ ಒಳಗಿನಿಂದ, ಗಳಗಳ ಅಂದಿತು. ಕಲ್ಲು. ತುಂಬಿದ ವಾಡೆಯಲ್ಲೂ ಕಲ್ಲು.

ಪುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಊರ ನಡುವಿನಿಂದಲೇ ನಡೆದಳು. ಜಗಲಿಯ ಮೇಲಿದ್ದ ಅನ್ನದಾನಮ್ಮ, "ಎಲ್ಲಿಗವ್ವ ಪುಟ್ಟಿ?" ಅಂದಳು. ಇವಳು, "ನಲವತ್ತೊಂದನೇ ಮನಿಗೆ," ಅಂದಳು. ಪಕ್ಕೀರಪ್ಪ ಬೇವಿನ ಬುಡದಿಂದ ಎದ್ದು ನಿಂತ. ಗುಡಿಸಲ ಬಾಗಿಲು ಗಿಡ್ಡ, ತಲೆ ಬಾಗಿಸದೆ ಒಳಗೆ ಹೋಗಲಾಗುತ್ತಿರಲಿಲ್ಲ. ಬಾಗಿದಳು.

ಒಳಗೆ ಮಾಳಮ್ಮ ಗಡಿಗೆಯ ಮುಚ್ಚಳ ತೆಗೆದು ಕೂತಿದ್ದಳು. ಕೊಟ್ರಬಸಮ್ಮ ಮಂಡಿಯೂರಿ ಮೊದಲ ಬೊಗಸೆ ಸುರಿದಳು. ಸರ್ರನೆ ಜಾರಿತು. ಕಲ್ಲಿನ ಸದ್ದಲ್ಲ, ನವಣೆಯ ಸದ್ದು.

ಅಷ್ಟರಲ್ಲಿ ಬಾಗಿಲ ಬೆಳಕಿಗೆ ಅಡ್ಡವಾಗಿ ನೆರಳೊಂದು ಬಿತ್ತು, ಉಡಿ ಭಾರವಾಗಿ ಮುಂದಕ್ಕೆ ಬಾಗಿದ ಮುದುಕಿಯ ನೆರಳು. ಹೊರಗೆ ಪಕ್ಕೀರಪ್ಪ ಉಸಿರೆಳೆದುಕೊಂಡದ್ದು ಕೇಳಿಸಿತು. ಮಾಳಮ್ಮನ ತುಟಿ ಅಲುಗಿತು. ಕೇಳಬೇಕೆಂದಿದ್ದ ಮಾತು ಅಲ್ಲೇ ನಿಂತಿತು.

"ನಿಲ್ಲಸಬ್ಯಾಡ್ರಿ ಅವ್ವಾರ," ಅಂದಳು ಮೆಲ್ಲಗೆ. "ಸುರುವ್ರಿ. ನಿಮ್ಮ ಅತ್ತಿ ಬೊಗಸಿ ಎಣಸಾಕ ಹತ್ಯಾಳ."