ಹಿಂದಿನ ಸೀಟಿಲ್ಲದ ಕಾರು

ಆ ಮನೆಯಲ್ಲಿ ಅವಳನ್ನು ಯಾರೂ ಚಿಕ್ಕಮ್ಮ ಎಂದು ಕರೆಯುತ್ತಿರಲಿಲ್ಲ. ಕರೆಯಬೇಕಾದವಳು ಒಬ್ಬಳೇ, ಗಂಡನ ಮೊದಲ ಮದುವೆಯ ಮಗಳು. ಆ ಹುಡುಗಿಯೋ, ಹಟ ಹಿಡಿದರೆ ಹೆತ್ತ ಅಪ್ಪನ ಮಾತಿಗೂ ಬಗ್ಗುವವಳಲ್ಲ. ಅಪ್ಪನಿಗೆ, ಅಮ್ಮನಿಗೆ, ಬೀದಿಯ ನಾಯಿಗೆ ಎಲ್ಲರಿಗೂ 'ನೀನು'. ಇವಳಿಗೆ ಮಾತ್ರ 'ನೀವು'. ಬ್ಯಾಂಕಿನ ಕೌಂಟರಿನಾಚೆ ಕೂತವರನ್ನೂ ಜನ ಅದಕ್ಕಿಂತ ಬೆಚ್ಚಗೆ ಮಾತಾಡಿಸುತ್ತಾರೆ.

ಚಿಕ್ಕಮ್ಮನಿಗೆ (ನಾವಾದರೂ ಹಾಗೆ ಕರೆಯೋಣ) ಸ್ವಂತದ್ದೊಂದು ಲ್ಯಾಬಿತ್ತು. ದಂತವೈದ್ಯರಿಗೆ ಹಲ್ಲಿನ ಕ್ಯಾಪು, ಸೆಟ್ಟು ಮಾಡಿಕೊಡುವ ಕೆಲಸ. ಯಾರದೋ ದವಡೆಯ ಅಚ್ಚನ್ನು ಮುಂದಿಟ್ಟುಕೊಂಡು ಕೂದಲೆಳೆಯಷ್ಟು ಉಬ್ಬನ್ನೂ ಉಜ್ಜಿ ಉಜ್ಜಿ ತೆಗೆಯಬೇಕು. ಆ ದುಡಿಮೆಯಲ್ಲಿ ಮದುವೆಗೆ ಮೊದಲೇ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಳು. ಮುಂದೆ ಎರಡು ಸೀಟು. ಹಿಂದೆ ಸೀಟೆಂಬ ಹೆಸರಿಗೆ ಎರಡು ಗುಳಿ.

ಗಂಡ ಗಣಿತದ ಮೇಷ್ಟ್ರು. ಒಂದು ಕಣ್ಣು ಮಂದವಾಗಿದ್ದರಿಂದ ಕಾರು ಓಡಿಸುವಂತಿರಲಿಲ್ಲ. ಹಾಗಾಗಿ ಶನಿವಾರ ಬಂತೆಂದರೆ ಹುಡುಗಿಯನ್ನು ಗುಡ್ಡದಾಚೆ ಇರುವ ಹೆತ್ತಮ್ಮನ ಮನೆಗೆ ಬಿಟ್ಟು, ಸಂಜೆ ಕರೆತರುವುದು ಚಿಕ್ಕಮ್ಮನ ಪಾಲಿಗೆ ಬಿದ್ದಿತ್ತು. ಮುಂದಿನ ಸೀಟು ಖಾಲಿಯಿದ್ದರೂ ಹುಡುಗಿ ಹಿಂದಿನ ಗುಳಿಗೇ ಇಳಿಯುವಳು. ಹದಿಮೂರು ತುಂಬಿ ಕಾಲು ಉದ್ದವಾದ ಮೇಲೂ ಮಂಡಿಯನ್ನು ಗದ್ದಕ್ಕೆ ಆನಿಸಿಕೊಂಡು, ಬಾಡಿಗೆ ಕಾರು ಹಿಡಿದವಳ ಗತ್ತಿನಲ್ಲಿ ಕೂರುವಳು. ತಿರುವು ಬಂದಾಗಲೆಲ್ಲ ಅವಳ ಶೂ ಚಿಕ್ಕಮ್ಮನ ಬೆನ್ನಿಗೆ ಒತ್ತುತ್ತಿತ್ತು. ತಿರುವಿಲ್ಲದ ಕಡೆಯೂ ಒತ್ತುತ್ತಿತ್ತು.

"ಕಾಲು ನೋಯಲ್ವಾ?" ಎಂದು ಒಮ್ಮೆ ಕೇಳಿದ್ದಕ್ಕೆ ಬಂದ ಉತ್ತರ, "ನೀವು ರಸ್ತೆ ನೋಡಿ."

ಅದೇ ಕಾರಿನ ಇನ್ನೊಂದು ಮಾದರಿ ಬಂದದ್ದು ಆಗ. ಮೈಕಟ್ಟು ಅದೇ, ಹೆಸರೂ ಅದೇ; ಆದರೆ ಸಾಕುಬೆಕ್ಕಿನ ಪಕ್ಕ ಕಾಡುಬೆಕ್ಕು ನಿಲ್ಲಿಸಿದಂತಿತ್ತು. ಚಿಕ್ಕಮ್ಮ ಅದಕ್ಕೆ ಮನಸೋತು ತಿಂಗಳುಗಳೇ ಆಗಿದ್ದವು. ಕೊನೆಗೊಂದು ದಿನ ಮೂವರೂ ಶೋರೂಮಿಗೆ ಹೋದರು.

ಸೇಲ್ಸಿನವನು ಬಾಗಿಲು ತೆರೆದು, ಮಗುವಿನ ತೊಟ್ಟಿಲು ತೋರಿಸುವಂತೆ ತೋರಿಸಿದ. "ಇದು ರೇಸಿಗೆ ಅಂತಲೇ ಮಾಡಿರೋದು ಮೇಡಂ. ಭಾರ ಅನ್ನಿಸಿದ್ದನ್ನೆಲ್ಲ ತೆಗೆದುಹಾಕಿದಾರೆ. ಸದ್ದು ತಡೆಯೋ ಪದರ ಇಲ್ಲ, ಗಾಜು ತೆಳು, ಹಿಂದಿನ ಸೀಟಿಲ್ಲ."

ಹುಡುಗಿ ಬಗ್ಗಿ ನೋಡಿದಳು. ಅವಳು ಕೂರುತ್ತಿದ್ದ ಜಾಗದಲ್ಲಿ ಕತ್ತರಿಯಾಕಾರದ ಕಬ್ಬಿಣದ ಕಂಬಿಗಳಿದ್ದವು.

"ಕೇಳಿಸ್ತಾ ಅಪ್ಪ?" ಎಂದಳು. "ಭಾರ ಅನ್ನಿಸಿದ್ದನ್ನೆಲ್ಲ. ನಿನ್ನ ಹೆಂಡ್ತಿ ನನ್ನನ್ನೂ ತೆಗೆದುಹಾಕಿಸಿದಾರೆ."

"ಹಾಗಲ್ಲ ಪುಟ್ಟಿ, ಅದು ಕಂಪನಿಯವರು..."

"ಕಂಪನಿಯವರಿಗೆ ನನ್ನ ಪರಿಚಯ ಇಲ್ಲ. ಇವರಿಗಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮನೆಯಲ್ಲಿ ಜಗಳ ಹತ್ತಿಕೊಂಡರೆ ಅವರ ಕನ್ನಡಕಕ್ಕೆ ಧೂಳು ಕೂರುತ್ತಿತ್ತು.

"ಮುಂದೆ ಕೂತ್ಕೋ, ಸೀಟಿದೆಯಲ್ಲ," ಎಂದಳು ಚಿಕ್ಕಮ್ಮ.

"ನಿಮ್ಮ ಪಕ್ಕದಲ್ಲಾ?"

"ಬಾನೆಟ್ ಮೇಲೆ ಕೂರ್ತೀನಿ ಅಂದ್ರೂ ನಂದೇನೂ ಅಡ್ಡಿಯಿಲ್ಲ."

ಹಿಂದೆ ಸೀಟಿಲ್ಲ ಎನ್ನುವುದು ಚಿಕ್ಕಮ್ಮನಿಗೆ ಮೊದಲೇ ಗೊತ್ತಿತ್ತು. ಹುಡುಗಿ ಇನ್ನು ಪಕ್ಕದಲ್ಲಿ ಕೂರಲಿ ಎಂದು ಬಯಸಿದಳೋ, ಕಾರೇ ಹತ್ತದಿರಲಿ ಎಂದು ಬಯಸಿದಳೋ? ಆ ಹಲ್ಲನ್ನು ಅಲ್ಲಾಡಿಸಿ ನೋಡಲು ಅವಳು ಹೋಗಲಿಲ್ಲ.

ಆ ವಾರವೆಲ್ಲ ಉಪ್ಪಿನ ಡಬ್ಬಿ ಕೂಡ ಮೇಷ್ಟ್ರ ಕೈ ದಾಟಿಯೇ ಆಚೀಚೆ ಹೋಗಬೇಕಾಯಿತು. ಕೊನೆಗೆ ಅವರು ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಪಕ್ಕ ಬಂದು ನಿಂತರು.

"ಬೇಡ ಅಂದ್ಬಿಡು. ಹಳೇ ಕಾರಿಗೇನು ಧಾಡಿ?"

"ಧಾಡಿ ಕಾರಿಗಲ್ಲ."

"ಅವಳು ಬಸ್ಸಲ್ಲಿ ಹೋಗ್ತೀನಿ ಅಂತಿದಾಳೆ. ಆ ಬಸ್ಸು ಊರೆಲ್ಲ ಸುತ್ತಿ ಅರ್ಧ ದಿನ ತಿನ್ನುತ್ತೆ. ಹೋದವಳು ಇನ್ನು ಅಮ್ಮನ ಹತ್ರಾನೇ ಇರ್ತೀನಿ ಅಂತ ಕೂತ್ರೆ ಏನು ಮಾಡ್ಲಿ?"

'ಇರಲಿ ಬಿಡಿ' ಎಂಬ ಮಾತು ಚಿಕ್ಕಮ್ಮನ ನಾಲಿಗೆಯ ತುದಿಯವರೆಗೆ ಬಂತು. ಅಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ದಿಗಿಲಾಯಿತು. ಬಾಣಲೆಯನ್ನು ಇನ್ನೂ ಗಟ್ಟಿಯಾಗಿ ಉಜ್ಜಿದಳು. ಕಾರು ಮಾತ್ರ ಬಂತು.

ಶನಿವಾರ ಬೆಳಿಗ್ಗೆ ಹುಡುಗಿ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಕಾರನ್ನು ನೋಡಿದಳು, ಬಸ್‌ಸ್ಟಾಪಿನ ದಾರಿಯನ್ನು ನೋಡಿದಳು. ಆಮೇಲೆ ಗಾಡಿಗೆ ಹೊರೆ ಎಸೆದಂತೆ ತನ್ನನ್ನು ತಾನೇ ಮುಂದಿನ ಸೀಟಿಗೆ ಎಸೆದುಕೊಂಡಳು. ಸೀಟು ಮರದ ಹಲಗೆಯಷ್ಟು ಗಟ್ಟಿ. ಬೆಲ್ಟಿಗೆ ನಾಲ್ಕು ಪಟ್ಟಿ. ಒಂದು ಸಿಕ್ಕಿದರೆ ಇನ್ನೊಂದು ಕೈಗೆಟುಕದು. ಚಿಕ್ಕಮ್ಮ ವಾಲಿ ಕೈ ಚಾಚಿದಳು.

"ಮುಟ್ಟಬೇಡಿ."

"ಮುಟ್ಟದೆ ಕಟ್ಟೋಕೆ ನನಗೆ ಮಂತ್ರ ಬರಲ್ಲ."

ಗುಡ್ಡದ ರಸ್ತೆ ಹಿಡಿಯುತ್ತಲೇ ಎಂಜಿನ್ನು ಗಂಟಲು ಬಿಚ್ಚಿತು. ಪುಡಿಗಲ್ಲುಗಳು ತಳಕ್ಕೆ ರಪರಪನೆ ಬಡಿದವು. ಹುಡುಗಿ ಏನೋ ಗೊಣಗಿದಳು.

"ಏನು?"

"ಈ ಕಾರು ದರಿದ್ರವಾಗಿದೆ ಅಂದೆ."

"ಕೇಳಿಸ್ಲಿಲ್ಲ, ಜೋರಾಗಿ ಹೇಳು."

ಚುಚ್ಚುಮಾತಿಗೆ ಮೆಲುದನಿ ಬೇಕು. ಕಿರುಚಿದರೆ ಮೊನೆ ಮುರಿದುಹೋಗುತ್ತದೆ. ಮನೆಯಲ್ಲಿ ವರ್ಷಗಟ್ಟಲೆ ಹಲ್ಲುಕಚ್ಚಿ ಆಡಿದ ಮಾತು ಯಾವುದೂ ಈ ಕಾರಿನಲ್ಲಿ ನಡೆಯುವಂತಿರಲಿಲ್ಲ.

"ನಿಮಗೆ ನಾನು ಬೇಡ. ಅದಕ್ಕೇ ಇದನ್ನ ತಂದ್ರಿ."

"ಏನಂದೆ?"

"ನಿನಗೆ ನಾನು ಬೇಡ ಅಂದೆ."

ಚಿಕ್ಕಮ್ಮ ಸಮಾಧಾನದ ಮಾತು ಹೇಳಬಹುದಿತ್ತು. ಆದರೆ ಆ ಗದ್ದಲದಲ್ಲಿ ಸಮಾಧಾನದ ಮಾತು ತುಟಿ ದಾಟುವಂತಿರಲಿಲ್ಲ.

"ಕೆಲವು ಶನಿವಾರ ಬೇಡ," ಎಂದು ಅವಳೂ ಕೂಗಿದಳು. "ನೀನು ಬೆನ್ನಿಗೆ ಒದ್ದ ಒಂದು ಶನಿವಾರವೂ ಬೇಡ. ಬಾಯ್ಬಿಟ್ಟು ಬೈದಿದ್ರೆ ತಡ್ಕೋತಿದ್ದೆ. ಹಿಂದೆ ಕೂತು ಒದೀತೀಯಲ್ಲ, ಕತ್ತೆ."

"ನನ್ನ ಕತ್ತೆ ಅಂದ್ಯಾ?"

"ಇನ್ನೊಂದು ಸಲ ಹೇಳ್ಲಾ?"

"ನೀನೇ ಕತ್ತೆ." ಹುಡುಗಿಯ ಕುತ್ತಿಗೆಯ ನರ ಉಬ್ಬಿತ್ತು. "ನೀನು ಬಂದ ಮೇಲೆ ಅಪ್ಪ ನಗೋದು ಕಲ್ತ. ಅದಕ್ಕೆ ಮುಂಚೆ ನಾನಿದ್ದೆ. ಅವಾಗ ಯಾಕೆ ನಗ್ಲಿಲ್ಲ?"

ಎದುರಿಗೆ ಕಡಿದಾದ ತಿರುವು. ಚಿಕ್ಕಮ್ಮ ಗೇರು ಇಳಿಸಿ, ತಿರುವು ದಾಟಿಸಿದಳು.

"ನನಗೆ ಗೊತ್ತಿಲ್ಲ. ಅವರನ್ನೇ ಕೇಳು."

"ಕೇಳ್ದೆ. ಕನ್ನಡಕ ಒರೆಸ್ದ."

ಚಿಕ್ಕಮ್ಮನ ತುಟಿಯ ಕೊನೆ ಅಲುಗಿತು.

"ನಗಬೇಡ. ನಿನ್ನ ಜೊತೆ ನಗೋಕೆ ಹೇಳಿದ್ದಲ್ಲ."

"ನಗ್ತಿಲ್ಲ. ನನ್ನ ಹತ್ರಾನೂ ಒರೆಸ್ತಾರೆ."

ಆಮೇಲೆ ಇಳಿಜಾರಿನುದ್ದಕ್ಕೂ ಇಬ್ಬರೂ ಹಳೇ ಬಾಕಿ ತೀರಿಸಿಕೊಳ್ಳುತ್ತ ಹೋದರು. ಬಾತ್‌ರೂಮಿನ ಚಿಲಕ, ಕೇಳದೆ ತೆಗೆದ ಸ್ವೆಟರು, ಹುಡುಗಿಯ ಹುಟ್ಟುಹಬ್ಬಕ್ಕೆ ಚಿಕ್ಕಮ್ಮ ತಂದ, ಇನ್ನೂ ಡಬ್ಬಿಯನ್ನೇ ಬಿಚ್ಚದ ಗಡಿಯಾರ, ಎಲ್ಲ ಹೊರಬಿತ್ತು. ಗಂಟಲು ಹರಿದುಹೋಗಿತ್ತು. ಹೆತ್ತಮ್ಮನ ಗೇಟಿನ ಮುಂದೆ ಎಂಜಿನ್ನು ಆರಿದರೂ ಹುಡುಗಿಯ ಮಾತು ಆರಲಿಲ್ಲ.

"...ಅಡುಗೆ ಮಾಡೋಕೂ ಬರಲ್ಲ ನಿನಗೆ," ಎಂಬುದು ಇಡೀ ಬೀದಿಗೆ ಕೇಳಿಸಿತು.

ಸದ್ದಿಗೆ ಹೊರಬಂದಿದ್ದ ಹೆತ್ತಮ್ಮ ಗೇಟಿನ ಬಳಿ ನಿಂತಿದ್ದಳು. ಗದರಬೇಕೆಂದು ಹುಬ್ಬು ಗಂಟಿಕ್ಕಿದ್ದಳು, ಆದರೆ ಕಣ್ಣಲ್ಲಿ ಹಿಗ್ಗಿತ್ತು.

"ಇದೇನೇ ಇದು, ಚಿಕ್ಕಮ್ಮನ್ನ ಏಕವಚನದಲ್ಲಿ ಮಾತಾಡ್ಸೋದಾ? ತಪ್ಪಾಯ್ತು ಅನ್ನು."

ಹುಡುಗಿ ಕಾರಿನಿಂದ ಏಳಲಾರದೆ ಎದ್ದು, ಚೀಲ ಎಳೆದುಕೊಂಡಳು.

"ಅಮ್ಮ, ನೀನು ಸುಮ್ನಿರು. ಇದು ನಮ್ಮಿಬ್ಬರ ಜಗಳ."

ಹೆತ್ತಮ್ಮನ ಕಣ್ಣಿನ ಹಿಗ್ಗು ಇಳಿಯಿತು. ಹುಡುಗಿ ಅದನ್ನು ನೋಡಲಿಲ್ಲ. ಕಾರಿನ ಬಾಗಿಲನ್ನು ಧಡಾರನೆ ಮುಚ್ಚಿ, ಚಿಕ್ಕಮ್ಮನ ಮುಖ ಬಿಟ್ಟು ಚಕ್ರದ ಕಡೆ ನೋಡುತ್ತ ಹೇಳಿದಳು.

"ಸಂಜೆ ಬೇಗ ಬಾ. ಉಳಿದಿದ್ದು ವಾಪಸ್ ಹೋಗ್ತಾ ಹೇಳ್ತೀನಿ."

"ನನ್ನದೂ ಉಳಿದಿದೆ," ಎಂದಳು ಚಿಕ್ಕಮ್ಮ.