ತಗಡಿನ ಶಂಕು
ಅರಬ್ ನಾಡಿನ ಕೆರಕ್‌ ಊರಿನ ನಮ್ಮ ಹುಡುಗಿಯರ ಶಾಲೆಗೆಂದು ನಾನೇ ತಗಡು ಕತ್ತರಿಸಿ ಒಂದು ಶಂಕು, ಅದರಷ್ಟೇ ಬಾಯಗಲದ, ಅಷ್ಟೇ ಎತ್ತರದ ಒಂದು ದುಂಡು ಡಬ್ಬಿ ಮಾಡಿದ್ದೆ. ಮೂರು ಶಂಕು ನೀರಿಗೆ ಡಬ್ಬಿ ತುಂಬಬೇಕು. ಒಂಬತ್ತನೇ ತರಗತಿಯ ಫಿದ್ದಾ ಮೂರು ಸಲ ಸುರಿದಳು. ತುಂಬಲಿಲ್ಲ.

“ನಿಮ್ಮ ಲೆಕ್ಕನೇ ತಪ್ಪು, ಮಿಸ್.”

ನನಗೆ ರೇಗಿತು. “ಲೆಕ್ಕ ಅಲ್ಲ ಕಣೇ, ನಿನ್ನ ಕೈ! ಪ್ರತಿಸಲ ಶಂಕುವಿಗೆ ಎರಡು ಬೆರಳು ಕಮ್ಮಿ ಹಾಕ್ತೀಯಲ್ಲ?”

“ನೆಂಟರಿಗೆ ಕಾಫಿ ಕೊಡೋದೂ ಹಾಗೇ ಅಲ್ವಾ? ಬಟ್ಟಲು ತುಂಬಿಸಿದ್ರೆ, ಕುಡಿದು ಎದ್ದು ಹೋಗಿ ಅಂದ ಹಾಗೆ.”

“ಶಂಕು ನಿನ್ನ ನೆಂಟ ಅಲ್ಲ. ತುಂಬಿಸೇ!”

ಡಬ್ಬಿ ಬರಿದು ಮಾಡಿ, ಈ ಸಲ ಶಂಕುವನ್ನು ಅಂಚಿನವರೆಗೂ ತುಂಬಿಸಿ ಸುರಿದಳು. ಮೂರನೆಯದಕ್ಕೆ ಡಬ್ಬಿ ಸರಿಯಾಗಿ ತುಂಬಿತು.

ಖುಷಿಯಲ್ಲಿ, ಮನೆಗೆ ಹೋಗುವ ಗಂಟೆ ಹೊಡೆದರೂ ನಾನು ಹಲಗೆಯ ಮೇಲೆ ಸೂತ್ರ ಬರೆಯುತ್ತಲೇ ಇದ್ದೆ. ಫಿದ್ದಾ ನನ್ನ ಲೋಟಕ್ಕೆ ತುಳುಕುವಷ್ಟು ನೀರು ಬಗ್ಗಿಸಿ, ನಗದೆ ಮುಂದಿಟ್ಟಳು.