ಶ್ರೀಶೈಲ ಗೆದ್ದ ಆಟ

ನನಗೆ ಅಚ್ಚುಕಟ್ಟಿನ ಹುಚ್ಚು. ಅಲೆನ್ ಊರಿನ ನಮ್ಮ ಮನೆಗೆ ಬಂದಾಗಲೆಲ್ಲ ಗೆಳೆಯ ಶ್ರೀಶೈಲ ನಗುತ್ತಿದ್ದ: "ಸುಧೀಂದ್ರ, ನಿನ್ನ ಮನ್ಯಾಗ ಧೂಳೂ ಪರ್ಮಿಷನ್ ಕೇಳಿ ಕೂಡ್ತೈತಿ." ಅವನು ತೀರಿಹೋಗಿ ಐದು ತಿಂಗಳಾದ ಮೇಲೆ, ಒಂದು ಶನಿವಾರ, ಅದೇ ಹುಚ್ಚನ್ನು ಹೊತ್ತುಕೊಂಡು ನಾನು ಹತ್ತಿರದ ಊರು ಲಿಟಲ್ ಎಲ್ಮ್‌ನ ಅವನ ಮನೆಯ ಗ್ಯಾರೇಜಿಗೆ ಹೋದೆ.

ಅಲ್ಲಿ ನಿಂತು ವಿಡಿಯೋ ಗೇಮ್ ಆಡುವ ಆಳೆತ್ತರದ ಆರ್ಕೇಡ್ ಪೆಟ್ಟಿಗೆಯೊಂದಿತ್ತು, ಅವನೇ ಹಲಗೆ ಕೊಯ್ದು ಮಾಡಿದ್ದು. ಒಳಗೊಂದು ಚಿಕ್ಕ ಕಂಪ್ಯೂಟರ್. ಹಳೆಯ ಯಂತ್ರಗಳ ವೇಷ ಹಾಕಿ ಆ ಕಾಲದ ಆಟಗಳನ್ನು ಆಡಿಸುವ ಎಮ್ಯುಲೇಟರ್ ಅದರಲ್ಲಿತ್ತು. ಅವನಿಗೂ ಮಗಳು ನೇಹಾಗೂ ಪ್ರಾಣವಾಗಿದ್ದ ಆಟ ಒಂದೇ, ಏಳು ಮಹಡಿಯ ಕೋಟೆ ಏರುವುದು. ಏಳನೆಯ ಮಹಡಿಯನ್ನು ಇಬ್ಬರೂ ಕಂಡಿರಲಿಲ್ಲ. ನೇಹಾ ಶಾಲೆಯ ಕ್ಯಾಂಪಿಗೆ ಹೋಗಿದ್ದಾಗ ಅವನೊಬ್ಬನೇ ಗೆದ್ದ. "ರೆಕಾರ್ಡ್ ಮಾಡೀನಿ, ಬಂದಮ್ಯಾಲೆ ತೋರಸ್ತೀನಿ" ಎಂದು ಫೋನಿನಲ್ಲಿ ಹೇಳಿದ. ಅವಳು ಬರುವಷ್ಟರಲ್ಲಿ ಆಸ್ಪತ್ರೆ ಸೇರಿದ್ದ. ಮತ್ತೆ ಮನೆಗೆ ಬರಲಿಲ್ಲ.

"ಆ ರೆಕಾರ್ಡಿಂಗ್ ಒಂದಷ್ಟ ಚಾಲೂ ಮಾಡಿ ಕೊಡ್ರಿ," ಎಂದು ಅವನ ಹೆಂಡತಿ ವಾಣಿಶ್ರೀ ಕೇಳಿದ್ದರು. "ಹನ್ನೊಂದ ವರ್ಷದ ಹುಡುಗಿ, ದಿನಾ ಆ ಪೆಟ್ಟಿಗಿ ಮುಂದ ಸುಮ್ನ ನಿಂತ ಬರ್ತಾಳ."

ಕಂಪ್ಯೂಟರ್ ತೆರೆದರೆ ಕಸದ ತೊಟ್ಟಿ. ಒಂದೊಂದು ಆಟಕ್ಕೂ ನಾಲ್ಕು ಪ್ರತಿ, ತಲೆಬುಡವಿಲ್ಲದ ಹೆಸರುಗಳು, ಮೂರು ವರ್ಷ ಹಳೆಯ ಎಮ್ಯುಲೇಟರ್. 'ನೇಹಾಗೆ' ಎಂಬ ರೆಕಾರ್ಡಿಂಗನ್ನು ಮೊದಲು ಜೋಪಾನವಾಗಿ ತೆಗೆದಿಟ್ಟೆ. ಆಮೇಲೆ ಫೈಲುಗಳನ್ನು ತಾಳೆ ನೋಡುವ ಸಾಫ್ಟ್‌ವೇರ್ ಓಡಿಸಿದೆ. ಕೋಟೆಯ ಆಟದ ಫೈಲ್ ಅಸಲಿಯೊಂದಿಗೆ ಹೊಂದುತ್ತಿಲ್ಲ, ಕೆಟ್ಟಿದೆ ಎಂದಿತು. ಕೆಟ್ಟದ್ದನ್ನು ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಡಿಸ್ಕನ್ನೇ ಪೂರ್ತಿ ಅಳಿಸಿ, ಹೊಸ ಎಮ್ಯುಲೇಟರ್ ಹಾಕಿ, ಅಸಲಿ ಫೈಲುಗಳನ್ನು ಸಾಲಾಗಿ ಜೋಡಿಸಿದೆ. ಭೇಷ್ ಅನ್ನಿಸಿಕೊಳ್ಳುವ ಆಸೆಯಿಂದಲೇ ತಾಯಿ ಮಗಳನ್ನು ಕರೆದೆ, ಅದನ್ನೂ ಹೇಳಿಬಿಡುತ್ತೇನೆ.

ರೆಕಾರ್ಡಿಂಗ್ ಶುರುವಾಯಿತು. ಪುಟ್ಟ ಸೈನಿಕ ಓಡಿದ, ಮೊದಲ ಹಳ್ಳ ಹಾರಿದ. ನೇಹಾ ಚಪ್ಪಾಳೆ ತಟ್ಟಿದಳು. ಎರಡನೆಯ ಹಳ್ಳಕ್ಕೆ ತಡವಾಗಿ ಹಾರಿ ಬಿದ್ದ. ಮತ್ತೆ ಎದ್ದವನು ಗೋಡೆಗೆ ಮುಖ ಒತ್ತಿ ಓಡುತ್ತಲೇ ಇದ್ದ. ಉಳಿದ ಎರಡು ಜೀವವೂ ಹೋಗಿ, ಎರಡೇ ನಿಮಿಷದಲ್ಲಿ ಆಟ ಮುಗಿಯಿತು.

"ದಟ್ಸ್ ನಾಟ್ ಅಪ್ಪ," ಎಂದಳು ನೇಹಾ. "ಹಿ ಡಸಂಟ್ ಪ್ಲೇ ಲೈಕ್ ದಟ್."

ವಾಣಿಶ್ರೀ ಮೆಲ್ಲಗೆ ಹೇಳಿದರು: "ಕಿಮೋ ಆದಮ್ಯಾಲೆ ಬೆರಳು ಜೋಮು ಹಿಡೀತಿದ್ವಲ್ರಿ. ಅದಕ್ಕ ಆಟದ ಫೈಲಿನಾಗ ಏನೋ ತಿದ್ದಿ ಒಂಚೂರು ನಿಧಾನ ಮಾಡ್ಕೊಂಡಿದ್ರು. ಆ ಫೈಲ್ ಐತೇನ್ ನೋಡ್ರಿ?"

ಅಸಲಿ ಫೈಲ್ ಎಲ್ಲಿ ಹುಡುಕಿದರೂ ಸಿಗುತ್ತದೆ. ಅವನು ತಿದ್ದಿದ್ದು ಲೋಕದಲ್ಲಿ ಇದ್ದದ್ದು ಒಂದೇ, ಈ ಡಿಸ್ಕಿನಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ; ಆ ಬುದ್ಧಿಯಿಂದ ಯಾರಿಗೇನು ಉಪಯೋಗ?

"ಅದನ್ನ ಅಳಿಸಿದ್ದು ನಾನೇ, ನೇಹಾ," ಎಂದೆ. "ಕೆಟ್ಟ ಫೈಲ್ ಅಂದ್ಕೊಂಡ್ಬಿಟ್ಟೆ. ಈ ರೆಕಾರ್ಡಿಂಗ್‌ನಲ್ಲಿ ವಿಡಿಯೋ ಇಲ್ಲ ಪುಟ್ಟಾ. ಯಾವ ಕ್ಷಣಕ್ಕೆ ಅಪ್ಪ ಯಾವ ಬಟನ್ ಒತ್ತಿದ್ರು, ಅಷ್ಟೇ ಇರೋದು. ಆಟದ ವೇಗ ಬದಲಾದ್ರೆ ಅದೆಲ್ಲ ತಪ್ಪು ಜಾಗದಲ್ಲಿ ಬೀಳುತ್ತೆ. ಆ ಫೈಲ್ ಇಲ್ದೆ ಅಪ್ಪನ ಆಟ ಇನ್ನು ಕಾಣಲ್ಲ."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನಾನು ಯಂತ್ರ ನಿಲ್ಲಿಸಲು ಕೈ ಚಾಚಿದಾಗ ನನ್ನ ಮಣಿಕಟ್ಟು ಹಿಡಿದಳು. ಪರದೆಯ ಮೂಲೆಯಲ್ಲಿ ರೆಕಾರ್ಡಿಂಗ್‌ನ ಸಮಯ ಇನ್ನೂ ಓಡುತ್ತಿತ್ತು, ಅವನು ಒತ್ತಿದ ಬಟನ್‌ಗಳು ಅದರೊಳಗೆ ಸಾಗುತ್ತಲೇ ಇದ್ದವು. ಒಟ್ಟು ನಲವತ್ತೊಂದು ನಿಮಿಷ, ಆಗಿದ್ದದ್ದು ಮೂರು.

"ಡೋಂಟ್ ಸ್ಟಾಪ್ ಇಟ್, ಅಂಕಲ್. ಹೀ ಈಸ್ ಸ್ಟಿಲ್ ಪ್ಲೇಯಿಂಗ್."

ಆಟ ಮುಗಿದಿದೆ ಎಂದು ತೋರಿಸುತ್ತಿದ್ದ ಪರದೆಯ ಮುಂದೆ, ಗ್ಯಾರೇಜಿನ ಸೆಕೆಯಲ್ಲಿ, ಮೂವರೂ ಕೂತೆವು. ಮೂವತ್ತೆಂಟು ನಿಮಿಷ ಯಾರೂ ಏಳಲಿಲ್ಲ. ಅದರಲ್ಲೆಲ್ಲೋ ಶ್ರೀಶೈಲ ಏಳನೆಯ ಮಹಡಿ ಏರಿ ಗೆದ್ದ. ಯಾವಾಗ ಎಂದು ನಮಗೆ ತಿಳಿಯಲಿಲ್ಲ.